ಮೊಣ್ಣಪ್ಪ ಕೇಳಿದ ಕಾರಣ

ನನಗೆ ಮರೆವು ಎನ್ನುವವರು ಮೊದಲು ನಿಮ್ಮ ನಿಮ್ಮ ಕನ್ನಡಕ ಎಲ್ಲಿದೆ ಅಂತ ಹುಡುಕಿಕೊಳ್ಳಿ. ಇದು ನಡೆದದ್ದು ಕಳೆದ ಫೆಬ್ರವರಿ, ಗುರುವಾರ. ನಡುವೆ ಬಾಯಿ ಹಾಕಬೇಡಿ.

ಗೋಣಿಕೊಪ್ಪಲಿನಿಂದ ಕುಟ್ಟಕ್ಕೆ ಹೋಗುವ ದಾರಿಯ ಒಂದು ಎಸ್ಟೇಟಿನಲ್ಲಿ ಮೊಣ್ಣಪ್ಪ ರೈಟರು. ಆಳುಗಳ ಹಾಜರಿ ಹಾಕಿ ಕಾಫಿ ಪಿಕಿಂಗಿಗೆ ಕಳಿಸುವುದು ಅವನ ಕೆಲಸ. ಅವತ್ತು ಬೆಳಿಗ್ಗೆ ಏಳಕ್ಕೆ ಮದುವೆಗೆ ಹೊರಟವನ ಹಾಗೆ ಶಿಳ್ಳೆ ಹಾಕುತ್ತ ತೋಟಕ್ಕೆ ಇಳಿದ. ಆಳು ಒಬ್ಬರೂ ಇಲ್ಲ. ಎದುರಿಗೆ ನಿಂತಿದ್ದದ್ದು ಆನೆ.

ಮೆಣಸು ಕೊಯ್ಯುವ ಏಣಿಯೊಂದು ಮರಕ್ಕೆ ಒರಗಿದ್ದರಿಂದ ಬದುಕಿದ. ಮುಕ್ಕಾಲು ಗಂಟೆ ಅದರ ತುದಿಯಲ್ಲಿ ಹಲಸಿನಕಾಯಿಯ ಹಾಗೆ ನೇತಾಡಿದ. ಆನೆ ಹೋದ ಮೇಲೆ ಬಾಡಿಗೆ ಜೀಪಿನ ಅಶ್ವಥ್ ಬಂದು ಕೆಳಗಿಂದ ಕೂಗಿದ:

"ಏನ್ ರೈಟರೇ, ಆರ್ ಗಂಟೆಗೇ ಗ್ರೂಪ್‌ನಾಗೆ ಹಾಕವ್ರಲ್ಲ, ಕೆರೆ ತಾವ ಆನೆ ಅಂತ! ಊರಿಗೆಲ್ಲ ಗೊತ್ತು, ನಿಮಗೊಬ್ರಿಗೆ ಗೊತ್ತಿಲ್ವಾ?"

ಗ್ರೂಪು ಅಂದರೆ 'ಆನೆ ಬಂತು' ಎಂಬ ವಾಟ್ಸಾಪ್ ಗ್ರೂಪು. ನಾನೂರು ಜನ. ಆನೆ ಕಂಡವರು ಹೇಳಬೇಕು, ಉಳಿದವರು ಮನೆಯಲ್ಲಿರಬೇಕು, ಅಷ್ಟೇ. ಮೊಣ್ಣಪ್ಪ ಫೋನ್ ತೆಗೆದು ನೋಡಿದರೆ ಅವನನ್ನು ಗ್ರೂಪಿನಿಂದ ತೆಗೆದುಹಾಕಿದ್ದರು.

"ಯಾಕೆ? ನಾನು ಯಾರ ಮನೆ ಕೋಳಿ ಕದ್ದೆ?"

"ಮೊನ್ನೆ ಗುಡ್ ಮಾರ್ನಿಂಗ್ ಹೂವು ಹಾಕಿದ್ರಲ್ಲ, ಅದಕ್ಕೇ ಇರ್ಬೇಕು. ಬಿಡಬ್ಯಾಡಿ ಸಾರ್!" ಅಶ್ವಥ್ ಎಣ್ಣೆ ಸುರಿದ.

ಗ್ರೂಪಿನ ಅಡ್ಮಿನ್ ಮುತ್ತಮ್ಮನದು ರಸ್ತೆ ಬದಿಯ ಅಂಗಡಿ. ಮೊಣ್ಣಪ್ಪ ಅಲ್ಲಿ ಮುಟ್ಟುವ ಹೊತ್ತಿಗೆ ಹಿಂದೆ ಇಪ್ಪತ್ತು ಜನ ಸೇರಿದ್ದರು.

"ಅಕ್ಕ, ನನ್ನ ಪ್ರಾಣವೇ ಹೋಗ್ತಿತ್ತು. ಯಾಕೆ ತೆಗ್ದ್ರಿ?"

ಮುತ್ತಮ್ಮ ದನಿ ತಗ್ಗಿಸಿದಳು. "ಸುಮ್ನೆ ಮನೆಗೆ ಹೋಗು. ವಾರ ಬಿಟ್ಟು ನಾನೇ ಸೇರಿಸ್ತೇನೆ."

"ಕಾರಣ?"

"ಕಾರಣ ಬೇಡ ಮಾರಾಯ."

"ಬೇಕು! ಎಲ್ಲರ ಎದುರಿಗೆ ಬೇಕು!"

ಅಷ್ಟರಲ್ಲಿ ಎಸ್ಟೇಟಿನ ಓನರ್ ಬೋಜಪ್ಪನವರ ಜೀಪು ಬಂದು ನಿಂತಿತು. ವಿಷಯ ಕೇಳಿ ಅವರು ಗುಡುಗಿದರು: "ನನ್ನ ರೈಟರ್‌ನ ಹೇಳದೆ ಕೇಳದೆ ಹೊರಗೆ ಹಾಕೋದಾ? ಕಳ್ಳನಿಗೂ ಕೋರ್ಟು ಅಂತ ಒಂದುಂಟು!"

ಮೊಣ್ಣಪ್ಪನ ಎದೆ ಪೂರಿಯ ಹಾಗೆ ಉಬ್ಬಿತು. ಬೆಂಚು ಹತ್ತಿ ನಿಂತ. "ಇನ್ನು ಯಾರನ್ನೂ ಕದ್ದುಮುಚ್ಚಿ ತೆಗೀಬಾರ್ದು. ತಪ್ಪೇನು ಅಂತ ಹೇಳ್ಬೇಕು, ಸಾಕ್ಷಿ ತೋರಿಸ್ಬೇಕು, ಅವನ ಮಾತೂ ಕೇಳ್ಬೇಕು. ಆಮೇಲೆ ಕೈ ಎತ್ತಿ ತೀರ್ಮಾನ!"

ಮೊದಲು ಎದ್ದದ್ದು ಬೋಜಪ್ಪನವರ ಕೈ. ಎಲ್ಲರೂ ಎತ್ತಿದರು. ಅಶ್ವಥ್ ಖುಷಿಗೆ ಜೀಪಿನ ಹಾರನ್ ಒತ್ತಿದ. ಅಂಥ ಗೆಲುವು ಪಂಚಾಯ್ತಿ ಎಲೆಕ್ಷನ್‌ನಲ್ಲೂ ನಾನು ನೋಡಿಲ್ಲ.

"ಕೊನೇ ಸಲ ಕೇಳ್ತೇನೆ, ಮೊಣ್ಣಪ್ಪ. ಬೇಡ ಅಲ್ವಾ?" ಮುತ್ತಮ್ಮ ಕೇಳಿದಳು.

"ಸಾಕ್ಷಿ!"

"ಬೆಳಿಗ್ಗೆ ಐದಕ್ಕೆ ನೀನೇ ಕಳಿಸಿದ ವಾಯ್ಸ್ ಮೆಸೇಜು. ಯಾರೂ ಕೇಳೋ ಮೊದ್ಲೇ ಅಳಿಸಿದೆ. ಇನ್ನೊಂದು ಫೋನಲ್ಲಿ ಮಾತ್ರ ಇಟ್ಕೊಂಡಿದ್ದೆ." ಮುತ್ತಮ್ಮ ಆ ಫೋನ್ ತೆಗೆದು ಪ್ಲೇ ಒತ್ತಿದಳು.

ಮೊಣ್ಣಪ್ಪನದೇ ದನಿ: "ಎಲ್ಲರಿಗೂ ನಮಸ್ಕಾರ. ಗೇಟ್ ಹತ್ರ ಆನೆ ಉಂಟು. ಏಳು ಗಂಟೆವರೆಗೆ ಯಾರೂ ಬರ್ಬೇಡಿ."

ಅಲ್ಲಿಗೇ ನಿಲ್ಲಿಸಿ ಕಳಿಸಬೇಕಿತ್ತು. ಅವನು ನಿಲ್ಲಿಸಿರಲಿಲ್ಲ. ಕಂಬಳಿ ಎಳೆದುಕೊಳ್ಳುವ ಸದ್ದಾಯಿತು, ಆಮೇಲೆ ಹೆಂಡತಿಯ ಜೊತೆ ಮಾತು.

"ಆನೆಯೂ ಇಲ್ಲ ಬಾಲವೂ ಇಲ್ಲ ಸುಮಿತಾ, ಇನ್ನೊಂದು ನಿದ್ದೆ ತೆಗೀತೇನೆ. ಆನೆ ಅಂದ್ರೆ ಸಾಕು, ನಮ್ಮ ಬೋಜಪ್ಪ ಮಂಚದಡಿ! ಆ ಹೊಟ್ಟೆ ಅಲ್ಲಿ ಹೇಗೆ ಹಿಡಿಸ್ತದೋ!"

ಬೋಜಪ್ಪನವರು ಹೊಟ್ಟೆ ಒಳಗೆಳೆದುಕೊಂಡರು.

"ನಿನ್ನ ಮಾತೂ ಕೇಳ್ಬೇಕಲ್ಲ, ಹೇಳು," ಎಂದಳು ಮುತ್ತಮ್ಮ. ಮೊಣ್ಣಪ್ಪ ಬೆಂಚಿನಿಂದ ಕೆಳಗಿಳಿದ. ಮೂರು ತಿಂಗಳು ಹೊರಗೆ ಎಂದು ಕೈ ಎತ್ತಿದರು. ಬೋಜಪ್ಪನವರು ಎರಡೂ ಕೈ ಎತ್ತಿದರು.

ಆಮೇಲೆ ಮೆಲ್ಲಗೆ ಅಂದರು: "ನಾಳೆಯಿಂದ ಬೆಳಿಗ್ಗೆ ನಾಲ್ಕಕ್ಕೇ ಗೇಟಲ್ಲಿ ನಿಂತು ಆನೆ ಕಾಯ್ಬೇಕು. ಕಾರಣ ಬೇಕಾ?"

"ಬೇಡ ಸಾರ್."

ಆ ಕಾನೂನು ಮಾತ್ರ ಗಟ್ಟಿ ನಿಂತಿತು. ಸಂಪಾಜೆಯ ಗ್ರೂಪಿನವರೂ ಕೇಳಿ ಬರೆದುಕೊಂಡರು. ಮೊಣ್ಣಪ್ಪ ಗೆದ್ದದ್ದು ಸುಳ್ಳಲ್ಲ. ನಿಮ್ಮ ನಿಮ್ಮ ಗ್ರೂಪಿಗೂ ಇದನ್ನು ದಾಟಿಸಿ. ಇನ್ನೂ ಗ್ರೂಪಿನ ಹೊರಗಿರುವ ಅವನಿಗೆ ಮಾತ್ರ ಯಾರಾದರೂ ಗೇಟಿನ ಹತ್ತಿರ ಹೋಗಿ ಬಾಯಲ್ಲೇ ಹೇಳಿ.