ಕ್ಯಾಪ್ಟನ್ ಅಂಕಲ್ ಮತ್ತು ಅವರ ಹಿಂದಿನ ಚಕ್ರ

ಅಮೆರಿಕದ ನಮ್ಮ ಕ್ಯಾಂಟನ್ ಊರಿನಲ್ಲಿ ಭಾನುವಾರ ಬೆಳಿಗ್ಗೆ ನಮ್ಮವರು ಬಿಗಿ ಚಡ್ಡಿ ಹಾಕಿಕೊಂಡು ಗರಾಜಿನಿಂದ ಸೈಕಲ್ ಹೊರಗೆ ತೆಗೆದರೆಂದರೆ ಏನಾದರೊಂದು ಆಗಿಯೇ ತೀರುತ್ತದೆ. ಏನೂ ಆಗದೆ ಎಲ್ಲರೂ ಸುಮ್ಮನೆ ಮನೆಗೆ ಹೋದ ಭಾನುವಾರ ಇದುವರೆಗೂ ಬಂದಿಲ್ಲ.

ನನ್ನ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಇವನಿಗೆ ಜಂಬ ಅನ್ನಬೇಡಿ. ನಾನು ಗದಗ ಕಡೆಯ ಹಳ್ಳಿಯವನು. ಸೀಟು ಎಟುಕದ ವಯಸ್ಸಿನಲ್ಲೇ ಬಾರಿನ ಒಳಗಿಂದ ಕಾಲು ತೂರಿಸಿ ಅಪ್ಪನ ಕರಿ ಸೈಕಲ್ ಹೊಡೆದವನು. ಹಿಂದೆ ಹಸಿಮೇವಿನ ಹೊರೆ, ಮುಂದೆ ಹಾಲಿನ ಕ್ಯಾನು ಇಟ್ಟುಕೊಂಡು ಎದುರುಗಾಳಿಯಲ್ಲಿ ಬಸ್ಸನ್ನೇ ಹಿಂದೆ ಹಾಕಿದವನು. ಬಸ್ಸು ಆಗ ಏರು ಹತ್ತುತ್ತಿತ್ತು, ಅದು ಬೇರೆ ಮಾತು. ಹಿಂದೆ ಹಾಕಿದ್ದು ಹಾಕಿದ್ದೇ.

ಅಂಥವನು ಇಲ್ಲಿ ಇಡೀ ಬೇಸಿಗೆ ಇನ್ನೊಬ್ಬರ ಹಿಂದಿನ ಚಕ್ರ ನೋಡುತ್ತ ಕಳೆದೆ. ಯಾಕೆಂದರೆ ನಮ್ಮ ಗುಂಪಿನಲ್ಲೊಂದು ಕಟ್ಟಳೆ: ಕ್ಯಾಪ್ಟನ್‌ಗಿಂತ ಮುಂದೆ ಯಾರೂ ಹೋಗಕೂಡದು. ಆ ಕ್ಯಾಪ್ಟನ್ ಪಟ್ಟದ ಮೇಲೆ ನನಗೆ ಕಣ್ಣಿತ್ತು. ಇರಬಾರದೇ?

ಹಗುರ

ಕ್ಯಾಪ್ಟನ್ ಅಂಕಲ್ ಮೈಸೂರಿನವರು. ಪಕ್ಕದೂರು ಲಿವೋನಿಯಾದ ಆಫೀಸಿನಲ್ಲಿ ಕಾರಿನ ಬ್ರೇಕ್ ಡಿಸೈನ್ ಮಾಡುವ ಇಂಜಿನಿಯರು. ಅವರು ಕ್ಯಾಪ್ಟನ್ ಆದದ್ದು ಕಾಲಿನ ಬಲದಿಂದಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ದುಬಾರಿ ಸೈಕಲ್ ಅವರದು ಎಂಬ ಒಂದೇ ಕಾರಣಕ್ಕೆ. ಪೂರಾ ಕಾರ್ಬನ್, ಎರಡೂ ಚಕ್ರಕ್ಕೆ ನಡುವೆ ತಟ್ಟೆ ಇರುವ ಡಿಸ್ಕ್ ಬ್ರೇಕು. ಅವರು ಓಡಿಸುವ ವೇಗಕ್ಕೆ ಬ್ರೇಕೇ ಬೇಕಿಲ್ಲ, ಪೆಡಲ್ ತುಳಿಯುವುದು ನಿಲ್ಲಿಸಿದರೆ ಸಾಕು, ಸೈಕಲ್ ತಾನೇ ನಿಲ್ಲುತ್ತದೆ.

ಹೋದ ವಸಂತದಲ್ಲಿ ಎಲ್ಲರನ್ನೂ ತಮ್ಮ ಮನೆ ಮುಂದಿನ ಡ್ರೈವ್‌ವೇಗೆ ಕರೆದು ಕಿರುಬೆರಳಲ್ಲಿ ಸೈಕಲ್ ಎತ್ತಿ ತೋರಿಸಿದರು.

"ನೋಡಯ್ಯಾ, ಪೆಡಲ್ ಬದಲಾಯಿಸಿದೆ, ಸೀಟಿನ ಕೆಳಗಿನ ಕಂಬಿ ಬದಲಾಯಿಸಿದೆ, ಬೋಲ್ಟ್‌ಗಳನ್ನೂ ಟೈಟೇನಿಯಂ ಹಾಕಿಸಿದೆ. ಇನ್ನೂ ಹಗುರ ಮಾಡಬೇಕು ಅಂತಿದೀನಿ. ಎಲ್ಲಿ ಕಮ್ಮಿ ಮಾಡಬಹುದು ಹೇಳು."

ನಾನು ಸೈಕಲ್ ನೋಡಿದೆ. ಅವರ ಹೊಟ್ಟೆ ನೋಡಿದೆ. ಹಿರಿಯರು ಅಂತ ಸುಮ್ಮನಾದೆ.

ಆಂಟಿ ಸುಮ್ಮನಾಗಲಿಲ್ಲ. ಗರಾಜಿನ ಬಾಗಿಲಿಂದಲೇ, "ರೀ, ಸಾಯಂಕಾಲದ ಬೋಂಡಾ ಬಿಟ್ಟಿದ್ರೆ ಇಷ್ಟು ಹೊತ್ತಿಗೆ ಪುಕ್ಕಟೆ ಹಗುರ ಆಗ್ತಿತ್ತು" ಅಂದರು. ಆಮೇಲೆ ಕಿರುಬೆರಳಲ್ಲಿ ಎತ್ತುವ ಆ ಸೈಕಲ್ಲಿಗೆ ಪುಳಿಯೋಗರೆ ಡಬ್ಬಿ, ಮೊಸರನ್ನದ ಡಬ್ಬಿ, ಒಂದು ಫ್ಲಾಸ್ಕು ಕಾಫಿ ಕಟ್ಟಿದರು. ಹೊರಡುವಾಗ ಅದನ್ನು ನೆಟ್ಟಗೆ ನಿಲ್ಲಿಸಲು ಇಬ್ಬರು ಬೇಕಾಯಿತು.

ಕಿರ್ ಕಿರ್

ನಮ್ಮ ಗುಂಪಿನಲ್ಲಿ ಒಬ್ಬ ಆಸ್ಟ್ರೇಲಿಯಾದವನಿದ್ದಾನೆ. ಅಂಕಲ್ ಆಫೀಸಿನವನೇ. ಅವರ ದೇಶದಲ್ಲಿ ಒಬ್ಬನನ್ನು ಹೆಚ್ಚು ಬೈದಷ್ಟೂ ಹೆಚ್ಚು ಪ್ರೀತಿಯಂತೆ. ಮೊದಲ ದಿನ ನನ್ನ ಹಳೇ ಕಬ್ಬಿಣದ ಸೈಕಲ್ ನೋಡಿ, "ಮೇಟ್, ಇದನ್ನು ಹೊಳೆಯಿಂದ ಎತ್ತಿಕೊಂಡು ಬಂದೆಯಾ?" ಅಂದ. ನಾನು, "ಹೌದು, ಅಲ್ಲೇ ಪಕ್ಕದಲ್ಲಿ ನಿನ್ನ ಹೆಲ್ಮೆಟ್ಟೂ ಬಿದ್ದಿತ್ತು" ಅಂದೆ. ಅವತ್ತಿನಿಂದ ದೋಸ್ತಿ. ಈ ಗುಂಪಿನಲ್ಲಿ ಮನುಷ್ಯ ಅನ್ನಿಸಿಕೊಳ್ಳುವವನು ಅವನೊಬ್ಬನೇ.

ಒಂದು ಭಾನುವಾರ ಅವನು ಪೆಡಲ್ ತುಳಿದಾಗಲೆಲ್ಲ ಕಿರ್ ಅಂತ ಸದ್ದು. ಹೈನ್ಸ್ ಡ್ರೈವ್ ರಸ್ತೆ ಪಕ್ಕದ ಪಾರ್ಕಿನ ಹುಲ್ಲಿನ ಮೇಲೆ ಸೈಕಲ್ ತಲೆಕೆಳಗು ಮಾಡಿ ಸಭೆ ಶುರುವಾಯಿತು. ಅಂಕಲ್ ಅದು ಚೈನು ಅಂದರು. ಚೈನಿಗೆ ಎಣ್ಣೆ ಬಿತ್ತು. ಸದ್ದು ಹೋಗಲಿಲ್ಲ. ಆಸ್ಟ್ರೇಲಿಯಾದವ ಸೀಟು ಅಂದ. ಸೀಟು ಬಿಚ್ಚಿ ಗ್ರೀಸ್ ಹಚ್ಚಿದ್ದಾಯಿತು. ಹೋಗಲಿಲ್ಲ. ಅಂಕಲ್ ಫೋನಿನಲ್ಲಿ ವಿಡಿಯೋ ಹಾಕಿಕೊಂಡು, "ಪೆಡಲ್ ಅಚ್ಚು ಇರೋ ಕಡೆ ಬೇರಿಂಗ್ ಹೋಗಿದೆ, ಅನುಮಾನವೇ ಇಲ್ಲ" ಎಂದು ಅದನ್ನೂ ಬಿಚ್ಚಿಸಿದರು. ಪಾರ್ಕಿಗೆ ಬಂದವರೆಲ್ಲ ನಾವು ಬಿಡಿಭಾಗ ಮಾರಲು ಕೂತಿದ್ದೇವೆ ಅಂದುಕೊಂಡಿರಬೇಕು.

ಎಲ್ಲ ಜೋಡಿಸಿ ಅವನು ಮತ್ತೆ ಹತ್ತಿದ. ಕಿರ್.

ನಮ್ಮ ಗುಂಪಿನ ದಾವಣಗೆರೆಯ ಡಾಕ್ಟರು ಅಷ್ಟು ಹೊತ್ತೂ ಬೆಂಚಿನ ಮೇಲೆ ಬಾಳೆಹಣ್ಣು ತಿನ್ನುತ್ತ ಕೂತಿದ್ದರು. ಅವರು ಮೂಳೆ ಡಾಕ್ಟರು. ನಿಧಾನವಾಗಿ ಎದ್ದು ಬಂದು, "ಇಳಿ" ಅಂದರು. ಅವನು ಇಳಿದ. "ಕೂತು ಎದ್ದೇಳು" ಅಂದರು. ಕೂತು ಎದ್ದ.

ಕಿರ್.

"ಸೈಕಲ್ ಚೆನ್ನಾಗೈತಪ್ಪ. ಬಲ ಮೊಣಕಾಲು" ಎಂದು ಸಿಪ್ಪೆ ಎಸೆಯಲು ಹೋದರು. ಆಸ್ಟ್ರೇಲಿಯಾದವ ಗ್ರೀಸ್ ಡಬ್ಬಿ ಎತ್ತಿ ಹಿಡಿದು, "ಡಾಕ್, ಇದು ಸ್ವಲ್ಪ ಉಳಿದಿದೆ, ಒಳಗೆ ಹಾಕಲು ಆಗುತ್ತದೆಯೇ?" ಎಂದು ಕೇಳಿದ.

ಡಾಕ್ಟರ ಇಳಿಜಾರು

ಡಾಕ್ಟರ ಜಾಣತನ ನೋಡಿ ಅವರ ಮೇಲೆ ಗೌರವ ಹುಟ್ಟಿತೇ? ತಡೆಯಿರಿ.

ಲೋಕದಲ್ಲಿ ಎಲ್ಲರೂ ದಿಬ್ಬ ಹತ್ತುವಾಗ ಸೈಕಲ್ ತಳ್ಳಿಕೊಂಡು ಹೋಗಿ, ಇಳಿಯುವಾಗ ಹತ್ತಿ ಕೂರುತ್ತಾರೆ. ನಮ್ಮ ಡಾಕ್ಟರು ಏದುಸಿರು ಬಿಡುತ್ತ ದಿಬ್ಬವನ್ನು ತುಳಿದುಕೊಂಡೇ ಹತ್ತಿ, ತುದಿಯಲ್ಲಿ ಇಳಿದು, ಇಳಿಜಾರನ್ನು ನಡೆದುಕೊಂಡು ಬರುತ್ತಾರೆ.

"ಡಾಕ್ಟ್ರೇ, ಇದೆಂಥಾ ಉಲ್ಟಾ ಪದ್ಧತಿರೀ? ಸುಖ ಇರೋದ ಇಳಿಜಾರಿನ್ಯಾಗ" ಅಂದೆ.

"ನೀ ಸುಮ್ನಿರಪ್ಪ. ಏರಿನಾಗೆ ಬಿದ್ದು ಮೂಳೆ ಮುರ್ಕೊಂಡು ಬಂದೋನ್ನ ನಾನು ಒಬ್ಬನ್ನೂ ನೋಡಿಲ್ಲ."

ಇಷ್ಟಕ್ಕೂ ನಿಲ್ಲಲಿಲ್ಲ. ನನ್ನ ಭುಜ ಹಿಡಿದು ಅಲ್ಲಾಡಿಸಿ, "ನೀ ಹೋಗೋ ಸ್ಪೀಡಿಗೆ ಈ ಕಾಲರ್ ಬೋನ್ ಬಾಳ ದಿನ ಬರಲ್ಲ" ಅಂದರು. ಹಳೇ ಟೈರ್ ನೋಡಿದ ಮೆಕ್ಯಾನಿಕ್ಕು ಮಾತಾಡುವ ಧಾಟಿ.

ಪೂಜೆ

ಅಕ್ಟೋಬರ್ ಹೊತ್ತಿಗೆ ನನ್ನ ತಾಳ್ಮೆ ಮುಗಿಯಿತು. ಮೊಮ್ಮಗನನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಜಾಗಿಂಗ್ ಮಾಡುತ್ತಿದ್ದ ಅಜ್ಜಿಯೊಬ್ಬಳು ನಮ್ಮನ್ನು ದಾಟಿ ಹೋದ ದಿನ ಅದು. ಆಸ್ಟ್ರೇಲಿಯಾದವನೇ ಬಾಯಿ ಬಿಟ್ಟ. "ಕ್ಯಾಪ್ಟನ್, ಬರುವ ಭಾನುವಾರ ಸೇಬಿನ ರಸ ಹಿಂಡಿ ಮಾರುವ ಆ ಸೈಡರ್ ಮಿಲ್ಲಿಗೆ ಹೋಗೋಣ. ಕೊನೆಯ ದಿಬ್ಬದ ತುದಿಯಿಂದ ಎಲ್ಲರೂ ಒಟ್ಟಿಗೆ ಬಿಡುವುದು. ಮಿಲ್ಲಿನ ಗೇಟು ಮೊದಲು ಯಾರು ದಾಟುತ್ತಾರೋ ಅವರೇ ಕ್ಯಾಪ್ಟನ್."

ಅಂಕಲ್ ನನ್ನ ಕಡೆ ನೋಡಿ ನಕ್ಕರು. "ಆಗಲಿ ಕಣಯ್ಯಾ. ಶನಿವಾರ ಆಯುಧ ಪೂಜೆ ಇಟ್ಕೊಂಡಿದೀವಿ, ನಿನ್ನ ಸೈಕಲ್ಲೂ ತಗೊಂಡು ಬಾ. ಮಿಕ್ಕಿದ್ದು ಚಾಮುಂಡಿ ನೋಡ್ಕೋತಾಳೆ."

ಶನಿವಾರ ಅವರ ಗರಾಜಿಗೆ ಹೋದರೆ ಸೈಕಲ್ಲನ್ನು ಕಾಗದದ ಟವೆಲ್ಲಿನಲ್ಲಿ ಒರೆಸುತ್ತಿದ್ದಾರೆ. ನನಗೆ ತಡೆಯಲಾಗಲಿಲ್ಲ.

"ಏನ್ರೀ ಅಂಕಲ್, ಇದು ಪೂಜಾನೋ, ಕಿಡಕಿ ಒರಸೋದೋ? ನಮ್ಮೂರಾಗ ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕಿದ್ರ ಸೈಕಲ್ಲಿನ್ಯಾಗ ನಮ್ಮ ಮಾರಿ ಕನ್ನಡಿಯಾಗ ಕಂಡಂಗ ಕಾಣಬೇಕು."

ಆಂಟಿ ಒಳಗಿನಿಂದ ತೆಂಗಿನೆಣ್ಣೆ ಬಾಟಲಿ ತಂದರು. ನಾನು ಬುದ್ಧಿ ಇರುವವನು, ಅದಕ್ಕೇ ಎಚ್ಚರಿಕೆಯನ್ನೂ ಹೇಳಿದೆ: "ಆಂಟಿ, ರಿಮ್ಮಿಗೆ ಮಾತ್ರ ಹಚ್ಚಬ್ಯಾಡ್ರಿ. ಬ್ರೇಕ್ ಹಿಡಿಯಂಗಿಲ್ಲ." ನಮ್ಮೂರಿನ ಸೈಕಲ್ಲಿಗೂ, ನನ್ನ ಸೈಕಲ್ಲಿಗೂ ಬ್ರೇಕ್ ಹಿಡಿಯುವುದು ರಿಮ್ಮಿಗೇ. ಆಂಟಿ ಶ್ರದ್ಧೆಯಿಂದ ತಲೆಯಾಡಿಸಿದರು. ರಿಮ್ಮಿಗೆ ಒಂದು ತೊಟ್ಟೂ ತಾಗಿಸಲಿಲ್ಲ. ಅಂಕಲ್ ಸೈಕಲ್ಲಿನ ಚಕ್ರದ ನಡುವೆ ತಟ್ಟೆಯ ಹಾಗೆ ಒಂದು ಹೊಳೆಯುವ ವಸ್ತು ಇತ್ತಲ್ಲ, ಅದಕ್ಕೆ ಮಾತ್ರ ಎರಡೂ ಕಡೆ ಧಾರಾಳವಾಗಿ ಹಚ್ಚಿ, ಮೇಲೆ ಕುಂಕುಮ ಇಟ್ಟರು. ಬ್ರೇಕ್ ಇಂಜಿನಿಯರು ಪಕ್ಕದಲ್ಲೇ ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು. ನಾನು ಚಕ್ರದಡಿಗೆ ನಿಂಬೆಹಣ್ಣು ಇಡುವುದರಲ್ಲಿದ್ದೆ.

ಗೇಟು

ಭಾನುವಾರ ದಿಬ್ಬದ ತುದಿಯಲ್ಲಿ ನಿಂತಾಗ ನನ್ನ ಕಣ್ಣಿಗೆ ಗೇಟು, ಗೇಟಿನಾಚೆ ಕುಂಬಳಕಾಯಿ ರಾಶಿ, ಒಣಹುಲ್ಲಿನ ಪೆಂಡಿ, ಅಲ್ಲೇ ಕಾಫಿ ಫ್ಲಾಸ್ಕ್ ಹಿಡಿದು ಕಾರಿಗೆ ಒರಗಿ ನಿಂತ ಆಂಟಿ, ಎಲ್ಲ ಕಾಣುತ್ತಿತ್ತು. ನನ್ನ ಕ್ಯಾಪ್ಟನ್ ಪಟ್ಟವೂ ಕಾಣುತ್ತಿತ್ತು. ಡಾಕ್ಟರು ಸೈಕಲ್ಲಿನಿಂದ ಇಳಿದು, ಒಂದು ಎರಡು ಮೂರು ಅಂದು, ನಡೆಯಲು ಶುರು ಮಾಡಿದರು.

ನಾನು ಬಿಟ್ಟೆ ನೋಡಿ. ಆಸ್ಟ್ರೇಲಿಯಾದವ ನನ್ನ ಹಿಂದೆ, ಅಂಕಲ್ ಎಲ್ಲೋ. ಗೇಟಿನ ಹತ್ತಿರ ರಸ್ತೆ ತಿರುಗಿ ಜಲ್ಲಿ ಶುರುವಾಗುತ್ತದೆ. ತಲೆ ಸರಿ ಇರುವ ಯಾರಾದರೂ ಅಲ್ಲಿ ಬ್ರೇಕ್ ಹಿಡಿಯಬೇಕು. ನಾನು ಹಿಡಿದೆ. ಆಸ್ಟ್ರೇಲಿಯಾದವನೂ ಹಿಡಿದ.

ಆಗ ಹಿಂದಿನಿಂದ ಒಂದು ದನಿ ಬಂತು. "ಸೈಡು ಸೈಡು ಸೈಡು ತಾಯೀ ಚಾಮುಂಡೀ ಸೈಡು..."

ತೆಂಗಿನೆಣ್ಣೆಯ ಪರಿಮಳದ ಜೊತೆಗೆ ಏನೋ ಒಂದು ನನ್ನ ಪಕ್ಕದಲ್ಲಿ ಹಾದುಹೋಯಿತು. ಅಂಕಲ್ ಎರಡೂ ಬ್ರೇಕನ್ನು ಬೆರಳು ಬಿಳಿಚುವ ಹಾಗೆ ಹಿಸುಕುತ್ತಿದ್ದರು. ಸೈಕಲ್ಲಿಗೆ ಅದರ ಸುದ್ದಿಯೇ ಇರಲಿಲ್ಲ. ಗೇಟು ದಾಟಿದರು, ಟಿಕೆಟ್ ಸಾಲು ದಾಟಿದರು, ಎಲ್ಲ ಕುಂಬಳಕಾಯಿಯನ್ನೂ ಹೇಗೋ ತಪ್ಪಿಸಿ ಹುಲ್ಲಿನ ಪೆಂಡಿಗೆ ಹೋಗಿ ನಾಟಿಕೊಂಡರು.

ಓಡಿಹೋದೆವು. ಒಂದು ಗೀರೂ ಇಲ್ಲ. ಹುಲ್ಲಿನ ಮೇಲೆ ಸಿಂಹಾಸನದಲ್ಲಿ ಕೂತ ಹಾಗೆ ಕೂತಿದ್ದರು, ಕಿವಿಯಲ್ಲೂ ಹುಲ್ಲು.

"ಬಂದ್ಯೇನಯ್ಯಾ? ಎಷ್ಟು ಹೊತ್ತು" ಅಂದರು.

"ಅಂಕಲ್, ಇದು ಲೆಕ್ಕಕ್ಕಿಲ್ಲ. ನಿಮ್ಮ ಬ್ರೇಕ್ ಫೇಲ್ ಆಗೇದ."

ಅಂಕಲ್ ಬೆರಳಿನಿಂದ ಡಿಸ್ಕ್ ಮುಟ್ಟಿದರು. ಮೂಸಿದರು. ಒಮ್ಮೆ ಆಂಟಿಯ ಕಡೆ, ಆಮೇಲೆ ಬಹಳ ಹೊತ್ತು ನನ್ನ ಕಡೆ ನೋಡಿದರು. ಬ್ರೇಕಿನ ಮೇಲೇ ಜೀವನ ಮಾಡಿದ ಮನುಷ್ಯ, ಪಕ್ಕದಲ್ಲಿ ಅದೇ ಆಫೀಸಿನ ಆಸ್ಟ್ರೇಲಿಯಾದವ ಕಿವಿ ನಿಮಿರಿಸಿಕೊಂಡು ನಿಂತಿದ್ದಾನೆ.

"ಫೇಲಾ? ನನ್ನ ಬ್ರೇಕಾ? ನಾನೇ ಹಿಡೀಲಿಲ್ಲ ಕಣಯ್ಯಾ. ರೇಸಲ್ಲಿ ಯಾರಾದ್ರೂ ಬ್ರೇಕ್ ಹಿಡೀತಾರಾ?"

"ಮತ್ತ ಈ ಹುಲ್ಲು?"

"ಇಲ್ಲೇ ನಿಲ್ಲಿಸಬೇಕು ಅಂತ ಮೊದಲೇ ನೋಡಿಟ್ಟಿದ್ದೆ."

ಆಂಟಿ ಕೈಮುಗಿದು, "ತಾಯಿ ಕೈಬಿಡಲಿಲ್ಲ" ಅಂದರು. ಅಷ್ಟು ಹೊತ್ತಿಗೆ ಡಾಕ್ಟರು ನಡೆದುಕೊಂಡು ಬಂದು ಸೇರಿದರು. ಅಂಕಲ್ಲರ ಭುಜ ಒತ್ತಿ ನೋಡಿ, ಒಂದು ಗಿರಾಕಿ ತಪ್ಪಿದ ಮುಖ ಮಾಡಿಕೊಂಡು ಮಿಲ್ಲಿನ ಡೋನಟ್ ಅಂಗಡಿಯ ಸಾಲಿಗೆ ಹೋದರು. ಎಣ್ಣೆಯ ಮಾತು ತೆಗೆದರೆ ಬಾಟಲಿ ತರಿಸಿದ್ದು ಯಾರು ಅನ್ನುವ ಮಾತೂ ಬರುತ್ತದೆ. ನಾನು ಹೇಳಿದ್ದರಲ್ಲಿ ತಪ್ಪಿಲ್ಲ, ಹಚ್ಚಿದವರಿಗೆ ಬ್ರೇಕ್ ಎಲ್ಲಿದೆ ಅಂತ ಗೊತ್ತಿರಲಿಲ್ಲ, ಅಷ್ಟೇ. ಒಂದು ಲೋಟ ಸೈಡರ್ ತಂದುಕೊಂಡು ಕುಡಿದೆ.

ಮುಂದಿನ ಭಾನುವಾರ ಅಂಕಲ್ ಎರಡೂ ಡಿಸ್ಕ್ ತೊಳೆದು, ಹೊಸ ಪ್ಯಾಡ್ ಹಾಕಿಸಿಕೊಂಡು, ಎದೆ ಉಬ್ಬಿಸಿ ಮುಂದೆ ಹೊರಟರು. ಅದೇ ನಡಿಗೆಯ ವೇಗ. ಹಿಂದೆ ನಾನು, ಕಣ್ಣೆದುರು ಅದೇ ಹಿಂದಿನ ಚಕ್ರ. ಒಂದು ಮೈಲಿ ಆಗಿರಬೇಕು, ಆಸ್ಟ್ರೇಲಿಯಾದವ ಮೆಲ್ಲಗೆ ನನ್ನ ಪಕ್ಕಕ್ಕೆ ಬಂದ.

"ಮೇಟ್, ಅವತ್ತು ಘಮ್ ಅಂತ ಮೂಗಿಗೆ ಬಡಿದ ಆ ಎಣ್ಣೆ ಬಾಟಲಿ ಇನ್ನೂ ಇದೆಯಾ? ಇವರಿಗೆ ಇನ್ನೊಂದು ಸಲ ಪೂಜೆ ಮಾಡಿಸೋಣ."