ಎಂಟರಲ್ಲಿ ಎಂಟನೆಯವನ ಡ್ರೈವಿಂಗ್ ಪಾಠ

ಸೋಲುವುದಕ್ಕೂ ಒಂದು ಗತ್ತು ಬೇಕು ಎಂದು ನನಗೆ ಗೊತ್ತಾದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಸೋತೇ ಇರಲಿಲ್ಲ ಎಂದು ಹೇಳಲಾರೆ. ಮನೆಯಲ್ಲಿ ದಿನಕ್ಕೆ ಎರಡು ಸಲವಾದರೂ ಸೋಲುತ್ತೇನೆ, ಹಬ್ಬದ ದಿನ ಇನ್ನೂ ಹೆಚ್ಚು. ಅದೆಲ್ಲ ನಾಲ್ಕು ಗೋಡೆಯೊಳಗಿನ ಮಾತು. ಊರ ಜನರ ಎದುರು, ಅದೂ ನನ್ನದೇ ಕಸುಬಿನಲ್ಲಿ, ಎಂಟು ಗಾಡಿಗಳಲ್ಲಿ ಎಂಟನೆಯವನಾಗಿ ಬಂದು, ಮರುದಿನ ಅದೇ ಮೀಸೆ ಇಟ್ಟುಕೊಂಡು ಅದೇ ರಸ್ತೆಯಲ್ಲಿ ನಡೆದುಹೋಗುವುದಿದೆಯಲ್ಲ, ಅದಕ್ಕೆ ಎದೆ ಬೇಕು. ನನಗೆ ಆ ಎದೆ ಇದೆ. ಯಾರಿಗಾದರೂ ಅನುಮಾನವಿದ್ದರೆ ಉಮರ್ಗಾಕ್ಕೆ ಬಂದು ನೋಡಬಹುದು.

ನಾನು ಮಹಾರಾಷ್ಟ್ರದ ಗಡಿಯೂರಾದ ಈ ಉಮರ್ಗಾದಲ್ಲಿ ಮೂವತ್ತು ವರ್ಷಗಳಿಂದ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದೇನೆ. ನಿಲಂಗಾದ ವಕೀಲರು, ಮಾಕಣಿಯ ಮೇಷ್ಟ್ರು, ದೇವಣಿಯಲ್ಲಿ ಎತ್ತು ಸಾಕುವ ಪಾಟೀಲರು, ಎಲ್ಲರೂ ನನ್ನ ಬಲಗಡೆ ಕೂತು ಸ್ಟೇರಿಂಗ್ ಹಿಡಿದವರೇ. ಕಲಿಸುವವನ ಜಾಗ ಎಡಗಡೆ. ನನ್ನ ಕಾಲಬಳಿ ಇನ್ನೊಂದು ಬ್ರೇಕ್ ಇರುತ್ತದೆ; ಕಲಿಯುವವರು ಎಮ್ಮೆಯನ್ನು ನೋಡದಿದ್ದರೆ ನಾನು ಒತ್ತಬೇಕು. ಮೂವತ್ತು ವರ್ಷ ಹೀಗೆ ಒತ್ತಿ ಒತ್ತಿ ನನ್ನ ಬಲಗಾಲಿಗೆ ಸ್ವಂತ ಬುದ್ಧಿ ಬಂದುಬಿಟ್ಟಿದೆ. ಬಸ್ಸಿನಲ್ಲಿ ಕೂತರೂ ತಿರುವು ಬಂದಾಗ ಅದು ಮುಂದೆ ಏನಿದೆಯೋ ಅದನ್ನು ತುಳಿಯುತ್ತದೆ. ಒಮ್ಮೆ ಉದಗೀರಕ್ಕೆ ಹೋಗುವಾಗ ಮುಂದೆ ಒಬ್ಬ ಅಜ್ಜಿಯ ಚೀಲವಿತ್ತು. ಚೀಲದಲ್ಲಿ ಟೊಮೆಟೊ ಇತ್ತು. ಉದಗೀರದವರೆಗೆ ಆ ಅಜ್ಜಿ ಬೈದ ಮರಾಠಿಯಲ್ಲಿ ಅರ್ಧದಷ್ಟು ನಾನು ಅಂದೇ ಮೊದಲು ಕೇಳಿದ್ದು.

ಇಂಥ ನನ್ನ ಸ್ಕೂಲಿನ ಪಕ್ಕದ ಮಳಿಗೆಗೆ ಹೋದ ವರ್ಷ ರೇಣುಕಾ ಬಂದಳು. ಉದಗೀರದ ಹುಡುಗಿ, ನಮ್ಮೂರಿಗೆ ಸೊಸೆಯಾಗಿ ಬಂದವಳು, ಮೂವತ್ತರ ಆಸುಪಾಸು. ಅಲ್ಲಿ ಆಕೆ ವಿಡಿಯೋ ಗೇಮಿನ ಅಂಗಡಿ ತೆರೆದಳು. ಎರಡು ದೊಡ್ಡ ಟಿವಿ, ಅವುಗಳ ಮುಂದೆ ಎರಡು ಕುರ್ಚಿ, ಕುರ್ಚಿಗೆ ಸ್ಟೇರಿಂಗು, ಕಾಲಬಳಿ ಪೆಡಲು. ಆರು ಗಾಡಿಗಳನ್ನು ಯಂತ್ರವೇ ಓಡಿಸುತ್ತದೆ, ಇನ್ನೆರಡನ್ನು ಕುರ್ಚಿಯಲ್ಲಿ ಕೂತವರು; ಒಬ್ಬರೇ ಆಡಿದರೆ ಉಳಿದ ಏಳನ್ನೂ ಯಂತ್ರವೇ. ಉದ್ಘಾಟನೆಗೆ ನನ್ನನ್ನೇ ಕರೆದಳು. "ಕಾಕಾ, ಇಡೀ ಊರಿಗಿ ಗಾಡಿ ಕಲಿಸಿದವರು ನೀವು. ನೀವೇ ಮೊದ್ಲು ಓಡಿಸ್ರಿ," ಎಂದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆ. ನನ್ನ ಹಳೆಯ ಶಿಷ್ಯರೆಲ್ಲ ಬಾಗಿಲಲ್ಲಿ ತುಂಬಿದ್ದರು.

ಟಿವಿಯಲ್ಲಿ ಮೂರು, ಎರಡು, ಒಂದು ಎಂದು ಬಂತು. ನಾನು ಕನ್ನಡಿ ನೋಡಿದೆ. ಸೀಟ್ ಬೆಲ್ಟ್ ಹುಡುಕಿದೆ, ಇರಲಿಲ್ಲ. ಇಂಡಿಕೇಟರ್ ಹುಡುಕಿದೆ, ಅದೂ ಇರಲಿಲ್ಲ. ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು ಹೊರಡುವಷ್ಟರಲ್ಲಿ ಮುಂದೆಯೂ ಯಾರೂ ಇರಲಿಲ್ಲ. ಉಳಿದ ಏಳೂ ಗಾಡಿಗಳು ಕಣ್ಮರೆಯಾಗಿದ್ದವು. ರಸ್ತೆಯ ಎಡಬದಿ ಬಿಡದೆ ಶಿಸ್ತಾಗಿ ಓಡಿಸಿದೆ. ಹಾರ್ನ್ ಮಾಡಲು ಸ್ಟೇರಿಂಗಿನ ನಡುವೆ ಗುದ್ದಿದರೆ ಆಟ ನಿಂತುಹೋಯಿತು. ರೇಣುಕಾ ಬಂದು ಮತ್ತೆ ಶುರು ಮಾಡಿಕೊಟ್ಟಳು. ಕೊನೆಗೆ ಪರದೆಯ ಮೇಲೆ ಎಂಟು ಹೆಸರು ಬಂದವು, ನನ್ನದು ತಳದಲ್ಲಿ. ಬಾಗಿಲಿಂದ ಯಾರೋ ಕೂಗಿದರು: "ಗುರುಜಿ, ನಮ್ಮ ಲೈಸನ್ಸ್ ವಾಪಸ್ ಕೊಡ್ಬೇಕೇನ್ರಿ?"

ನಗು ಹೆದ್ದಾರಿಯವರೆಗೆ ಹೋಯಿತು. ನನಗಿಂತ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ನನ್ನ ಹೆಂಡತಿ ಶಾಂತಾ ರೊಟ್ಟಿ ಬಡಿಯುತ್ತಲೇ ವಿಚಾರಣೆ ಆರಂಭಿಸಿದಳು.

"ಅಹೋ, ಎಂಟನೇ ನಂಬರ್ ಬಂದೀರಂತ. ಒಟ್ಟ ಎಷ್ಟ್ ಗಾಡಿ ಇದ್ವು?"

"ಎಂಟು."

"ಒಂಬತ್ತ್ ಇರಲಿಲ್ಲ, ಚಲೋ ಆತು," ಎಂದು ರೊಟ್ಟಿ ಹಂಚಿನ ಮೇಲೆ ಹಾಕಿದಳು. ಆಮೇಲೆ ದನಿ ತಗ್ಗಿಸಿ, "ನಾಕ್ ದಿನ ಸ್ಕೂಲಿಗಿ ಸುಟ್ಟಿ ಕೊಡ್ರಿ. ಆಳಂದಕ್ಕ ನಮ್ಮಣ್ಣನ ಮನಿಗಿ ಹೋಗಿ ಬರೋಣು. ಮಂದಿ ಮರೀತಾರ," ಎಂದಳು.

ಅಲ್ಲಿಯೇ ನಾನು ಕೆರಳಿದ್ದು. ಸೋತದ್ದಕ್ಕೆ ಊರು ಬಿಡಬೇಕೆ? ನಾನೇನು ಕದ್ದಿದ್ದೆನೆ? ಯಾರಿಗೂ ತಾಗಿಸದೆ, ಒಂದು ಕಂಬವನ್ನೂ ಮುರಿಯದೆ ಗುರಿ ಮುಟ್ಟಿದವನು ಆ ಎಂಟರಲ್ಲಿ ನಾನೊಬ್ಬನೇ. "ಎಲ್ಲಿಗೂ ಬರಂಗಿಲ್ಲ," ಎಂದೆ. ಮರುದಿನ ಹನ್ನೊಂದು ಗಂಟೆಗೆ, ಎಲ್ಲರೂ ನೋಡುತ್ತಿರುವಾಗಲೇ, ರೇಣುಕಾಳ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತೆ. ಪಟ್ಟಿಯಲ್ಲಿದ್ದ ಗಾಡಿಗಳಲ್ಲಿ ಅತಿ ಕೆಂಪಗಿದ್ದದ್ದನ್ನು, ಅತಿ ವೇಗದ್ದನ್ನು ಆರಿಸಿ, ಪೆಡಲ್ ನೆಲಕ್ಕೆ ಒತ್ತಿದೆ. ಮೊದಲ ತಿರುವಿನಲ್ಲೇ ಗಾಡಿ ಮೂರು ಪಲ್ಟಿ ಹೊಡೆದು ಹಣ್ಣಿನ ಅಂಗಡಿಯೊಂದರ ಮೇಲೆ ಮಲಗಿತು.

"ಕಾಕಾ, ಮೊದ್ಲು ಸಣ್ಣ ಗಾಡಿ ತಗೋರಿ," ಎಂದಳು ರೇಣುಕಾ. "ಒಬ್ಬರೇ ನಾಕ್ ಸುತ್ತ ಹೊಡೀರಿ, ರಸ್ತಾ ಗೊತ್ತಾಗ್ಲಿ. ಆಮ್ಯಾಲ ರೇಸ್. ಮತ್ತ ವಳಣ ಬರೋಕಿಂತ ಮೊದ್ಲೇ, ಸೀದಾ ರೋಡಿನ್ಯಾಗೇ ಬ್ರೇಕ್ ಹಿಡೀರಿ. ವಳಣದಾಗ ಹಿಡದ್ರ ಗಾಡಿ ಜಾರ್ತದ."

"ಇದು ನಾ ಮೂವತ್ತ್ ವರ್ಷದಿಂದ ಮಂದಿಗಿ ಹೇಳ್ಲತ್ತೀನಿ, ನಮ್ಮವ್ವಾ."

"ಹೇಳ್ತೀರಿ, ಖರೆ. ಮಾಡಂಗಿಲ್ಲ."

ವಳಣದ, ಅಂದರೆ ತಿರುವಿನ, ಪಾಠ ಮುಂದುವರಿಯಿತು. ತಿರುವಿಗೆ ಹೊರಗಿನ ಅಂಚಿನಿಂದ ಬರಬೇಕು, ನಡುವೆ ಒಳ ಅಂಚನ್ನು ಸವರಬೇಕು, ಮತ್ತೆ ಹೊರ ಅಂಚಿಗೆ ಬಿಡಬೇಕಂತೆ. ಹಾಗೆ ಮಾಡಿದರೆ ತಿರುವೂ ನೇರ ರಸ್ತೆಯಷ್ಟೇ ಸಲೀಸು, ವೇಗ ಉಳಿಯುತ್ತದಂತೆ. ನನಗೆ ಮೈಯೆಲ್ಲ ಉರಿಯಿತು.

"ಅದು ರಾಂಗ್ ಸೈಡ್ ಆತಲ್ಲ!"

"ಎದುರಿಂದ ಯಾರೂ ಬರಂಗಿಲ್ಲ, ಕಾಕಾ."

"ಬಂದ್ರ?"

"ಬರಂಗಿಲ್ಲಂದ್ರ ಬರಂಗಿಲ್ಲ. ಗೇಮ್ ಅದ ಅದು."

"ತಿರುವಿನ ಆ ಕಡಿ ಏನದ ಅಂತ ಕಾಣದಾಗ ಬರಂಗಿಲ್ಲ ಅಂತ ಹೇಳೋರೆಲ್ಲ ಈಗ ಫೋಟೋದಾಗ ಹಾರ ಹಾಕ್ಕೊಂಡ್ ಕೂತಾರ," ಎಂದೆ. ಆಕೆ ತಲೆ ಚಚ್ಚಿಕೊಂಡಳು. ನಾನು ಎಡಬದಿ ಬಿಡಲಿಲ್ಲ. ಆದರೂ ದಿನವೂ ಹೋದೆ. ಬಾನೆಟ್ ನೋಡದೆ ದೂರ ನೋಡುವುದು, ತಿರುವಿನಿಂದ ಹೊರಬೀಳುವಾಗ ಪೆಡಲನ್ನು ಮೊಟ್ಟೆಯ ಮೇಲೆ ಕಾಲಿಟ್ಟಂತೆ ಒತ್ತುವುದು, ಸ್ಟೇರಿಂಗನ್ನು ಹಿಟ್ಟು ನಾದಿದಂತೆ ನಾದದಿರುವುದು, ಎಲ್ಲ ಕಲಿತೆ. ಒಂದು ದಿನ ಐದನೆಯವನಾಗಿ ಓಡುತ್ತಿದ್ದೆ. ಕಣ್ಣೆದುರೇ ಒಂದು ನೀಲಿ ಗಾಡಿ ಪಲ್ಟಿಯಾಯಿತು. ನನ್ನ ಬಲಗಾಲು ನನ್ನನ್ನು ಕೇಳಲಿಲ್ಲ. ಬದಿಗೆ ನಿಲ್ಲಿಸಿಬಿಟ್ಟೆ.

"ಯಾಕ್ ನಿಂತ್ರಿ ಕಾಕಾ?" ರೇಣುಕಾ ಚೀರಿದಳು.

"ಅಂವಗ ಪೆಟ್ಟ್ ಆಗ್ಯಾದೇನೋ ನೋಡ್ಬೇಕಲ್ಲ!"

ಆ ನೀಲಿ ಗಾಡಿ ತಾನೇ ಎದ್ದು ಓಡಿತು, ಹಿಂದಿದ್ದ ಮೂರೂ ನನ್ನನ್ನು ದಾಟಿ ಹೋದವು. ಮತ್ತೆ ಎಂಟನೆಯವನಾದೆ. ಬಾಗಿಲಲ್ಲಿ ಮತ್ತೆ ನಗು. ಈ ಸಲ ಆ ನಗುವಿನ ನಡುವೆ ಒಂದು ಹೆಂಗಸಿನ ದನಿ ಕೇಳಿ ತಿರುಗಿ ನೋಡಿದೆ. ಪಕ್ಕದ ದಾಳಿಂಬ ಹಳ್ಳಿಯ ಮಹಾದೇವಿ, ನನ್ನ ಸ್ಕೂಲಿನ ವಿದ್ಯಾರ್ಥಿನಿ.

ಮಹಾದೇವಿಯ ವಿಷಯ ಹೇಳಬೇಕು. ನಲವತ್ತು ದಾಟಿದ ಒಕ್ಕಲಗಿತ್ತಿ. ಗಂಡನಿಗೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ತರಕಾರಿ ಸಾಗಿಸುವ ಅವರ ಸಣ್ಣ ಟೆಂಪೋ ಅಂಗಳದಲ್ಲಿ ನಿಂತುಬಿಟ್ಟಿತ್ತು, ಅದರ ಮೇಲೆ ಕೋಳಿಗಳು ಕೂರುತ್ತಿದ್ದವು. ತಾನೇ ಓಡಿಸುತ್ತೇನೆಂದು ಬಂದವಳು. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ದಿಬ್ಬದ ಮೇಲೆ ಗಾಡಿ ಬಂದ್ ಬಿದ್ದಿತ್ತು. ಎರಡನೆಯ ಸಲ ಹಿಂದೆ ಸರದಿಯಲ್ಲಿದ್ದ ಗಂಡಸರು ಸಿಳ್ಳೆ ಹಾಕಿ ನಕ್ಕಿದ್ದರು. ಅಂದಿನಿಂದ ಮೂರು ವಾರ ಆಕೆಯ ಪತ್ತೆಯೇ ಇರಲಿಲ್ಲ.

"ಕಾಗದಪತ್ರ ವಾಪಸ್ ಒಯ್ಲಾಕ ಬಂದಿದ್ದೆ, ಗುರುಜಿ," ಎಂದಳು. "ಗಾಡಿ ಕಲಿಯೋದು ಬಿಡ್ತೀನಿ ಅಂತ ಮನ್ಯಾಗ ಹೇಳೇ ಬಂದಿದ್ದೆ. ಇಲ್ಲಿ ನೋಡಿದ್ರ ನೀವು ದಿನಾ ಬಂದು ಸೋಲ್ತೀರಂತ. ನಿಮಗ ನಾಚಿಕಿ ಬರಂಗಿಲ್ಲೇನ್ರಿ?"

"ಬರ್ತದ. ಬಂದು ಆ ಮೂಲ್ಯಾಗ ಕೂಡ್ತದ. ಕೂಡ್ಲಿ ಬಿಡು, ನಾ ನನ್ನ ಕೆಲಸ ಮಾಡ್ತೀನಿ."

ಇದನ್ನು ನಾನು ಯೋಚಿಸಿ ಹೇಳಿದ್ದಲ್ಲ, ಸಿಟ್ಟಿನಲ್ಲಿ ಹೇಳಿದ್ದು. ಆಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಕುರ್ಚಿಯಲ್ಲಿ ಕೂತಳು. ಆ ಮಧ್ಯಾಹ್ನ ಮಹಾದೇವಿ ಗೋಡೆಗೆ, ಕಂಬಕ್ಕೆ, ಸಮುದ್ರಕ್ಕೆ, ಎಲ್ಲದಕ್ಕೂ ಗಾಡಿ ಹಾರಿಸಿದಳು. ಬಾಗಿಲಲ್ಲಿ ನಿಂತವರು ನಕ್ಕರು. ಅವರಿಗಿಂತ ಜೋರಾಗಿ ಆಕೆಯೇ ನಕ್ಕಳು. ಸಂಜೆ ಹೊತ್ತಿಗೆ ನಗುವವರಿಗೇ ಬೇಸರ ಬಂದು ಚಹಾಕ್ಕೆ ಹೋದರು.

ಕ್ಲಚ್ಚನ್ನು ಆ ಆಟ ಕಲಿಸುವುದಿಲ್ಲ, ದಿಬ್ಬವನ್ನೂ ಕಲಿಸುವುದಿಲ್ಲ. ಅದನ್ನು ನಾನು ದಾಳಿಂಬದ ರಸ್ತೆಯಲ್ಲಿ, ತೊಗರಿ ಹೊಲದ ಪಕ್ಕದ ಏರಿನಲ್ಲಿ ದಿನಾ ಬೆಳಿಗ್ಗೆ ಕಲಿಸಿದೆ. ಆದರೆ ಗಾಡಿ ಬಂದ್ ಬಿದ್ದರೆ ಈಗ ಆಕೆ ಸ್ಟೇರಿಂಗ್ ಬಿಟ್ಟು ಮುಖ ಮುಚ್ಚಿಕೊಳ್ಳುತ್ತಿರಲಿಲ್ಲ. "ಹಾಂ, ಮತ್ತ ಚಾಲೂ," ಎಂದು ಕೀಲಿ ತಿರುಗಿಸುತ್ತಿದ್ದಳು. ಮೂರನೆಯ ಪರೀಕ್ಷೆಯ ದಿನ ದಿಬ್ಬದ ಮೇಲೆ ಗಾಡಿ ಒಮ್ಮೆ ಕೆಮ್ಮಿತು. ಸರದಿಯಲ್ಲಿ ಯಾರೋ ಸಿಳ್ಳೆ ಹಾಕಿದರು. ಬೇಲಿಯಾಚೆ ನಿಂತಿದ್ದ ನನ್ನ ಬಲಗಾಲು ನೆಲದಲ್ಲಿ ಗುಂಡಿ ತೋಡುತ್ತಿತ್ತು. ಮಹಾದೇವಿ ತಲೆ ತಿರುಗಿಸಲಿಲ್ಲ. ಕ್ಲಚ್ ಬಿಟ್ಟು, ಹಿಂದೆ ಒಂದು ಬೆರಳಷ್ಟೂ ಜಾರದೆ ದಿಬ್ಬ ಹತ್ತಿ ಇಳಿದಳು. ಪಾಸಾದಳು. ಹದಿನೈದು ದಿನದ ಮೇಲೆ ಬದನೆಕಾಯಿ ತುಂಬಿದ ಟೆಂಪೋ ನನ್ನ ಸ್ಕೂಲಿನ ಮುಂದೆ ನಿಂತಿತು. ಗಂಡ ಎಡಗಡೆ ಕೂತಿದ್ದ, ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡು.

"ಹೆಂಗ್ ಓಡಸ್ತಾಳ್ರಿ?" ಎಂದು ಕೇಳಿದೆ.

"ನನಗ ಕಾಣಂಗಿಲ್ಲ, ಅದೇ ಚಲೋ ಆಗ್ಯಾದ," ಎಂದ ಆತ. ಆದರೆ ಮುಖ ತುಂಬ ನಗುವಿತ್ತು.

ಇಷ್ಟೆಲ್ಲ ಆದ ಮೇಲೆ ನನ್ನ ಮಾತಿಗೆ ಊರಲ್ಲಿ ಬೆಲೆ ಹೆಚ್ಚಿದೆ. ಆಟಕ್ಕೆ ಹೊಸದಾಗಿ ಬಂದವರನ್ನು ರೇಣುಕಾ ನನ್ನ ಹತ್ತಿರವೇ ಕಳಿಸುತ್ತಾಳೆ. ನಾನು ಹೇಳಿಕೊಡುತ್ತೇನೆ, ಅವರು ಕೇಳುತ್ತಾರೆ, ವಾರದೊಳಗೆ ಗೆಲ್ಲುತ್ತಾರೆ. ನಾನು ಮಾತ್ರ ಎಂಟನೆಯ ಜಾಗ ಬಿಟ್ಟುಕೊಟ್ಟಿರಲಿಲ್ಲ, ಮೊನ್ನೆಯವರೆಗೆ. ಮೊನ್ನೆ ಏಳನೆಯವನಾದೆ. ಸ್ಕೂಲಿನಲ್ಲಿ ಪೇಢೆ ಹಂಚಿದೆ. ಅಂದು ಪಕ್ಕದ ಕುರ್ಚಿಯಲ್ಲಿ ಆಡಲು ಕೂತವಳು ಶಾಂತಾ ಎಂಬುದನ್ನು, ರೇಸ್ ಶುರುವಾಗುವಾಗಲೇ ಆಳಂದದಿಂದ ಅವಳ ಅಣ್ಣನ ಫೋನ್ ಬಂದು ಅವಳು ಎದ್ದು ಹೊರಗೆ ಹೋದಳು ಎಂಬುದನ್ನು, ಅವಳ ಗಾಡಿ ಕೊನೆಯವರೆಗೂ ಹೊರಟ ಜಾಗದಲ್ಲೇ ನಿಂತಿತ್ತು ಎಂಬುದನ್ನು ಯಾರೂ ಕೇಳಲಿಲ್ಲ. ಕೇಳದಿದ್ದುದನ್ನು ನಾನೂ ಹೇಳಲಿಲ್ಲ. ನಿಂತ ಗಾಡಿಯನ್ನು ದಾಟಿದರೂ ದಾಟಿದ ಹಾಗೆಯೇ. ಅದೂ ನಿಯಮದ ಪ್ರಕಾರ, ಬಲಗಡೆಯಿಂದಲೇ ದಾಟಿದ್ದೇನೆ.