ಮೊಟ್ಟೆಗೆ ಸ್ನಾನ ಮಾಡಿಸಿದವಳು

ಆ ಹದಿಮೂರು ಮೊಟ್ಟೆ ಹಾಳಾದದ್ದು ಗುಡುಗಿನಿಂದಲ್ಲ, ನನ್ನ ತಂಗಿಯಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಬಸ್ಸಿನ ಕಂಡಕ್ಟರನಿಂದ ಹಿಡಿದು ಶಾಲೆಯ ಅಡುಗೆಯವಳವರೆಗೆ ಎಲ್ಲರೂ ಈಗ ಗುಡುಗಿನ ಮೇಲೆ ಅಪವಾದ ಹೊರಿಸುತ್ತಿದ್ದಾರೆ. ಪಾಪ, ಗುಡುಗು ಏನು ಮಾಡಿತು? ಚಾರ್ಮಾಡಿ ಕಡೆಯಿಂದ ಬಂತು, ಗುಡುಗಿತು, ಹೋಯಿತು. ಸೋಪು ಹಿಡಿದುಕೊಂಡು ಬಂದವಳು ನನ್ನ ತಂಗಿ!

ತಂಗಿ ಟೀಚರು. ಬೆಳ್ತಂಗಡಿ ಕಡೆಯ ಒಂದು ಸಣ್ಣ ಸರಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು ಅವಳದ್ದು, ಕ್ಲಾಸಿನಲ್ಲಿ ಇರುವುದು ಹದಿಮೂರು ಮಕ್ಕಳು. ಬರುವ ವರ್ಷ ನಿವೃತ್ತಿ. ಮನೆ ನಮ್ಮ ಬೇಲಿಯ ಆಚೆ, ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ. ಬೆಳಿಗ್ಗೆ ಸ್ಕೂಟರಿನಲ್ಲಿ ಹೋಗುತ್ತಾಳೆ, ಸಂಜೆ ಬಂದು ನನ್ನ ತಲೆ ತಿನ್ನುತ್ತಾಳೆ. ಏನು ಬೇಕಾದರೂ ತಿನ್ನುತ್ತಾಳೆ ಅನ್ನಿ, ಮೊಟ್ಟೆಯೊಂದನ್ನು ಬಿಟ್ಟು. ಕೋಳಿ ಆಗುತ್ತದೆ, ಮೊಟ್ಟೆ ಆಗುವುದಿಲ್ಲ. ಯಾಕೆ ಎಂದು ಕೇಳಿದರೆ ‘ವಾಸನೆ’ ಎನ್ನುತ್ತಾಳೆ. ನಾನು ಒಣಮೀನು ಸುಡುವಾಗ ಬೇಲಿ ದಾಟಿ ಬಾಗಿಲಲ್ಲಿ ನಿಲ್ಲುವವಳಿಗೆ ಮೊಟ್ಟೆ ವಾಸನೆಯಂತೆ!

ತಿನ್ನದಿದ್ದರೆ ಬೇಡ, ಬಿಟ್ಟರೆ ಸಾಕಿತ್ತು. ಬಿಡುವುದಿಲ್ಲ! ವಿಜ್ಞಾನಕ್ಕೂ ಮೊಟ್ಟೆ, ಗಣಿತಕ್ಕೂ ಮೊಟ್ಟೆ. ಉಪ್ಪುನೀರಿನಲ್ಲಿ ತೇಲಿಸಿದಳು. ವಿನೆಗರಿನಲ್ಲಿ ಮುಳುಗಿಸಿಟ್ಟು ಸಿಪ್ಪೆ ಕರಗಿಸಿ, ರಬ್ಬರ್ ಚೆಂಡಿನ ಹಾಗೆ ಮಾಡಿ ನನಗೆ ತೋರಿಸಲು ತಂದಳು. ಹುಲ್ಲು ಸುತ್ತಿ ಶಾಲೆಯ ಮಾಡಿನಿಂದ ಕೆಳಗೆ ಹಾಕಿಸಿದಳು. ಎಲ್ಲವೂ ನನ್ನ ಕೋಳಿಯ ಮೊಟ್ಟೆಗಳೇ. ಒಂದು ಸಲ, ಮೊಟ್ಟೆಯನ್ನು ಮುಷ್ಟಿಯಲ್ಲಿ ಎಷ್ಟು ಹಿಸುಕಿದರೂ ಒಡೆಯುವುದಿಲ್ಲ, ಅದರ ಆಕಾರಕ್ಕೇ ಅಂಥ ಬಲ ಎಂದು ಮಕ್ಕಳಿಗೆ ಹೇಳಿ, ಮುಖ್ಯೋಪಾಧ್ಯಾಯರನ್ನೇ ಕರೆದು ಕೈಯಲ್ಲಿ ಕೊಟ್ಟಳು. ಹೇಳಿದ್ದು ಸುಳ್ಳಲ್ಲ. ಆದರೆ ಅವರ ಬೆರಳಿನಲ್ಲಿ ಉಂಗುರ ಇತ್ತು. ಮೈಮೇಲೆ ಬಿಳಿ ಅಂಗಿಯೂ ಇತ್ತು.

ದಸರೆ ರಜೆ ಕಳೆದು ಶಾಲೆ ಶುರುವಾದ ವಾರ ಬೇಲಿ ದಾಟಿ ಬಂದಳು. ನನ್ನ ಕಪ್ಪು ಹೇಂಟೆ ಆಗಷ್ಟೇ ಕಾವಿಗೆ ಕೂತಿತ್ತು.

“ಅಕ್ಕ, ಈ ಹೇಂಟೆಯನ್ನು ಇಪ್ಪತ್ತೊಂದು ದಿನಕ್ಕೆ ಶಾಲೆಗೆ ಕಳಿಸ್ತೀಯಾ?”

“ಎಂತಕ್ಕೆ? ಪರೀಕ್ಷೆ ಬರೀಲಿಕ್ಕಾ?”

“ಮಕ್ಕಳ ಕಣ್ಣೆದುರೇ ಮರಿ ಮಾಡಿಸ್ತೇನೆ. ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಮೊಟ್ಟೆ. ಮರಿ ದೊಡ್ಡದಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು, ಮನೆಗೆ ಕೊಂಡುಹೋಗ್ಲಿಕ್ಕೆ. ಮಾತು ಕೊಟ್ಟಾಗಿದೆ ಅಕ್ಕ, ಬೋರ್ಡಿನಲ್ಲಿ ಬರೆದೂ ಆಗಿದೆ.”

ಹದಿಮೂರಕ್ಕೆ ಹದಿಮೂರು! ನಾನು ಇಷ್ಟು ವರ್ಷ ಕೋಳಿ ಸಾಕಿದವಳು, ಹದಿಮೂರು ಇಟ್ಟು ಹತ್ತು ಮರಿ ಎದ್ದರೆ ಆ ದಿನ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತೇನೆ. ಇವಳು ಕೋಳಿಯನ್ನು ಒಂದು ಮಾತೂ ಕೇಳದೆ ಬೋರ್ಡಿನಲ್ಲಿ ಬರೆದು ಬಂದಿದ್ದಾಳೆ. ಬೈದೆ. ಬೈದು, ಹೇಂಟೆಯನ್ನು ಬುಟ್ಟಿಗೆ ಹಾಕಿದೆ. ಇನ್ನೇನು ಮಾಡುವುದು? ಅವಳ ಸ್ಕೂಟರಿನಲ್ಲಿ ಇಟ್ಟುಕೊಂಡು ಹೋಗು ಎಂದರೆ, “ಕೋಳಿಗೆ ಹೆಲ್ಮೆಟ್ ಇಲ್ಲ” ಎಂದು ನಕ್ಕು ಹೋದಳು. ಮರುದಿನ ನಾನು ಬಸ್ಸು ಹತ್ತಿದೆ.

“ಅಜ್ಜಿ, ಕೋಳಿ ಅಂಕಕ್ಕಾ?” ಎಂದ ಕಂಡಕ್ಟರ್.

“ಅಂಕದಲ್ಲಿ ಕಾದುವುದು ಹುಂಜ, ಹೇಂಟೆಯನ್ನು ಯಾರು ಕೊಂಡುಹೋಗ್ತಾರೆ ಮಾರಾಯ? ಇದು ಶಾಲೆಗೆ.”

“ಎಷ್ಟನೇ ಕ್ಲಾಸು?”

“ನಾಲ್ಕು. ನಾನು ಮೂರಕ್ಕೆ ಬಿಟ್ಟದ್ದು. ಇದು ನನ್ನಿಂದ ಮುಂದೆ ಹೋಯಿತು.”

ಶಾಲೆಗೆ ಹೋಗಿ ನೋಡುತ್ತೇನೆ, ಮೇಜಿನ ಮೇಲೆ ಹದಿಮೂರು ಮೊಟ್ಟೆ ಫಳಫಳ ಹೊಳೆಯುತ್ತಿವೆ. ಹಿಂದಿನ ದಿನ ನಾನೇ ಕೊಟ್ಟದ್ದು. ಆದರೆ ನನ್ನ ಗೂಡಿನ ಮೊಟ್ಟೆ ಇಷ್ಟು ಚಂದ ಯಾವಾಗ ಇತ್ತು?

“ಮಕ್ಕಳು ಮುಟ್ಟುವುದಲ್ಲವಾ, ಸೋಪು ಹಾಕಿ ತೊಳೆದೆ” ಎಂದಳು ಮಹಾತಾಯಿ.

ಮೊಟ್ಟೆಯ ಮೈಮೇಲೆ ಕಣ್ಣಿಗೆ ಕಾಣದ ಒಂದು ಪೊರೆ ಇರುತ್ತದೆ. ಕೋಳಿ ಇಡುವಾಗಲೇ ಹಚ್ಚಿಕೊಟ್ಟದ್ದು. ಅದು ಹೋದರೆ ಒಳಗೆ ಕೊಳೆ ಹೊಗುತ್ತದೆ. ಈ ಪಾಠ ಅವಳ ಪುಸ್ತಕದಲ್ಲಿಯೂ ಇದ್ದಿರಬೇಕು, ಅವಳು ಸೋಪು ಹುಡುಕಲು ಹೋದಾಗ ಆ ಪುಟ ದಾಟಿಹೋಗಿರಬೇಕು! ನಾನು ಹೇಳಿದೆ. ಕೇಳಲಿಲ್ಲ. ಕಡೆಗೆ ನನ್ನ ಸೆರಗಿನ ಗಂಟಿನಲ್ಲಿದ್ದ ಬೆಳಗಿನ ಮೊಟ್ಟೆಯೊಂದನ್ನು ತೆಗೆದು, “ಇದನ್ನೂ ಇಡು. ಇದಕ್ಕೆ ಸ್ನಾನ ಇಲ್ಲ” ಎಂದೆ.

“ಇರಲಿ, ಹೋಲಿಸಿ ನೋಡ್ಲಿಕ್ಕೆ ಆಗ್ತದೆ” ಎಂದು ಅದರ ಮೇಲೆ ಪೆನ್ಸಿಲಿನಲ್ಲಿ ‘ಅಕ್ಕ’ ಎಂದು ಬರೆದಳು. ಉಳಿದವುಗಳ ಮೇಲೆ ಮಕ್ಕಳ ಹೆಸರು.

“ಈಗ ಹದಿನಾಲ್ಕು ಆಯಿತು. ಕಾವಿಗೆ ಬೆಸ ಇರಬೇಕು.”

“ಕೋಳಿಗೆ ಲೆಕ್ಕ ಬರುವುದಿಲ್ಲ ಅಕ್ಕ.”

ಬುಟ್ಟಿಯ ಮೂಲೆಯಲ್ಲಿ ನಾನು ಒಂದು ತುಂಡು ಇದ್ದಿಲು, ಒಂದು ಕಬ್ಬಿಣದ ಮೊಳೆ ಇಟ್ಟಿದ್ದೆ, ಗುಡುಗು ತಾಗದಿರಲಿ ಎಂದು. ಅಮ್ಮ ಇಡುತ್ತಿದ್ದರು, ನಾನು ಇಡುತ್ತೇನೆ. ಅದರಿಂದ ಏನಾಗುತ್ತದೆ ಎಂದು ಮೊಳೆಯನ್ನೇ ಕೇಳಬೇಕು. ಅವಳು ಎರಡನ್ನೂ ಹೆಕ್ಕಿ ತೆಗೆದು, “ಮಕ್ಕಳೇ, ಇದಕ್ಕೆ ಮೂಢನಂಬಿಕೆ ಅಂತ ಹೇಳ್ತಾರೆ” ಎಂದು ಎತ್ತಿ ತೋರಿಸಿದಳು. ನನ್ನ ಎದುರೇ!

ಆಮೇಲೆ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಇವರು ಇವತ್ತಿನ ಸಂಪನ್ಮೂಲ ವ್ಯಕ್ತಿ ಎಂದಳು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಈ ಹೆಸರು! ಆ ದಿನದ ಪಾಠ ಕಾಡುಹಕ್ಕಿಗಳದ್ದು. ಮೊದಲು ಒಂದು ಆಟ. ನೆಲದಲ್ಲಿ ವೃತ್ತ ಬರೆದು ಇಪ್ಪತ್ತು ಹುಣಸೆ ಬೀಜ ಹಾಕಿದಳು. ಬೀಜ ಎಂದರೆ ಹಕ್ಕಿ, ಸುತ್ತ ಕೂತವರು ಬೇಟೆಗಾರರು. ಬೇಕಾದಷ್ಟು ತೆಗೆಯಬಹುದು, ಉಳಿದದ್ದು ಮರುವರ್ಷಕ್ಕೆ ಎರಡರಷ್ಟಾಗುತ್ತದೆ. ನಾನೂ ಕೂತೆ. ಅವಳು ‘ಶುರು’ ಎಂದಳು. ನನ್ನ ಕೈಗೆ ಎಂಟು ಬೀಜ ಬಂತು. ವೃತ್ತ ಖಾಲಿ.

“ಅಜ್ಜಿ, ನೀವು ಅಷ್ಟು ತೆಗೆದ್ರೆ ಬರುವ ವರ್ಷಕ್ಕೆ ಎಂತ ಉಂಟು?” ಎಂದಳು ಎರಡು ಜಡೆಯ ಒಬ್ಬಳು ಹುಡುಗಿ. ಅವಳ ಕೈಯಲ್ಲಿ ಇದ್ದದ್ದು ಒಂದೇ ಬೀಜ.

“ಬರುವ ವರ್ಷದ್ದು ಬರುವ ವರ್ಷ ನೋಡುವ” ಎಂದೆ.

ಮಕ್ಕಳು ಕೂಗಿದರು. ತಂಗಿ ನನ್ನನ್ನು ಆಟದಿಂದ ಹೊರಗೆ ಹಾಕಿದಳು. ಎರಡನೇ ಸಲ ಮಕ್ಕಳು ಅವರವರೇ ಮಾತಾಡಿಕೊಂಡು, ಹತ್ತು ಜನ ಒಂದೊಂದು ತೆಗೆದು, ಮೂವರು ಆ ವರ್ಷಕ್ಕೆ ಹಸಿದು ಕೂತು, ಹತ್ತು ಬಿಟ್ಟರು. ಮರುವರ್ಷಕ್ಕೆ ಪುನಃ ಇಪ್ಪತ್ತು! ಹಸಿದು ಕೂತ ಮೂವರಲ್ಲಿ ಆ ಎರಡು ಜಡೆಯವಳೂ ಇದ್ದಳು.

“ಈಗ ಕಾಡುಹಕ್ಕಿಗೆ ಕೈ ಹಾಕುವ ಹಾಗೇ ಇಲ್ಲ, ಕಾನೂನು ಉಂಟು” ಎಂದು ತಂಗಿ ಮಕ್ಕಳಿಗೆ ಹೇಳಿ ನನ್ನ ಕಡೆ ತಿರುಗಿದಳು. “ಆದರೆ ಹಿಂದೆ ಹಿರಿಯರು ಗದ್ದೆ ಬದಿಯ ಹುಂಡುಕೋಳಿ ಹಕ್ಕಿಯ ಮೊಟ್ಟೆಯನ್ನು ಹಿತಮಿತವಾಗಿ ತೆಗೆಯುತ್ತಿದ್ದರು. ಗೂಡಿನಲ್ಲಿ ಸ್ವಲ್ಪ ಬಿಟ್ಟು ಬರುತ್ತಿದ್ದರು. ಹೌದಲ್ಲವಾ ಅಜ್ಜಿ?”

ಹೌದು ಎಂದಿದ್ದರೆ ಪಾಠ ಮುಗಿಯುತ್ತಿತ್ತು. ಆ ಮಾತು ಬಾಯಿಗೆ ಬರಲಿಲ್ಲ.

“ಬೇರೆಯವರದ್ದು ಗೊತ್ತಿಲ್ಲ. ನಾನು ಬಿಡಲಿಲ್ಲ. ಆಟಿ ತಿಂಗಳು, ಜಡಿಮಳೆ, ಮನೆಯಲ್ಲಿ ತಿನ್ನಲಿಕ್ಕೆ ಎಂತದೂ ಇರಲಿಲ್ಲ. ಕೆಸುವಿನ ಎಡೆಯಲ್ಲಿ ಗೂಡು ಸಿಕ್ಕಿತು. ಏಳು ಇತ್ತು, ಏಳೂ ತಂದೆ.”

“ತಿಂದದ್ದು ಯಾರು?” ಎಂದ ಒಬ್ಬ.

“ಮನೆಯವರು” ಎಂದೆ.

ತಂಗಿ ಬೋರ್ಡಿನ ಕಡೆ ತಿರುಗಿ, ಒರೆಸಿದ್ದನ್ನೇ ಒರೆಸಿದಳು. ಪಾಠ ಕೆಡಿಸಿದೆನೆಂದು ಕೋಪ ಬಂದಿರಬೇಕು ಎಂದುಕೊಂಡೆ.

ಮುಂದಿನ ಮೂರು ವಾರ ನನ್ನ ಹೇಂಟೆ ಪಟ್ಟ ಪಾಡು ನಾನು ಸೊಸೆಯಾಗಿ ಬಂದಾಗಲೂ ಪಟ್ಟಿರಲಿಲ್ಲ! ಶಾಲೆಯ ಪಕ್ಕದಲ್ಲೇ ಮನೆ ಇರುವ ಅಡುಗೆಯವಳು ಕಾಳು, ನೀರು ಹಾಕಿ ಚೆನ್ನಾಗಿಯೇ ನೋಡಿಕೊಂಡಳು. ಆದರೆ ತಂಗಿ ದಿನಾ ಮೊಟ್ಟೆ ತೆಗೆದು ತೂಗುವುದು, ಮೊಬೈಲಿನ ಟಾರ್ಚು ಹಿಡಿದು ನೋಡುವುದು. ಕೇಳಿದರೆ, “ಎಲ್ಲದರ ಒಳಗೂ ಎಂತದೋ ಕಪ್ಪು ಕಾಣ್ತದೆ ಅಕ್ಕ!” ಕಾಣದೆ ಇರುತ್ತದೆಯೇ? ಹದಿನೆಂಟನೇ ದಿನ ನಾನೇ ಹೋಗಿ, ಇನ್ನು ಮುಟ್ಟಿದರೆ ಹೇಂಟೆಯನ್ನು ಮನೆಗೆ ಕೊಂಡುಹೋಗುತ್ತೇನೆ ಎಂದು ಹೆದರಿಸಿ ಬಂದೆ. ಆ ಸಂಜೆಯೇ ಜೋರು ಗುಡುಗು.

ಇಪ್ಪತ್ತೊಂದನೇ ದಿನ ಒಂದು ಮರಿ ಎದ್ದಿತು. ಬಿರಿದ ಸಿಪ್ಪೆಯ ಮೇಲೆ ಬರೆದಿದ್ದ ಹೆಸರು ‘ಅಕ್ಕ’. ಮಕ್ಕಳು ಮರಿಗೆ ‘ಅಜ್ಜಿ’ ಎಂದು ಹೆಸರಿಟ್ಟರು. ಮರುದಿನವೂ ಬೇರೆ ಯಾವುದೂ ಕದಲಲಿಲ್ಲ. ತಂಗಿ ಫೋನು ಮಾಡಿದಳು. “ಅಕ್ಕ, ಒಮ್ಮೆ ಬಾ” ಎಂದಳು, ಅಷ್ಟೇ. ಅವಳು ಅಷ್ಟು ಕಡಿಮೆ ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ.

ಹೋದೆ. ಹದಿಮೂರು ಮಕ್ಕಳು ಸಾಲಾಗಿ ನಿಂತಿದ್ದಾರೆ. ಒಬ್ಬ ಹುಡುಗ ಮರಿಗೆಂದು ಮನೆಯಿಂದ ರಟ್ಟಿನ ಪೆಟ್ಟಿಗೆ ತಂದಿದ್ದ, ಗಾಳಿ ಆಡಲೆಂದು ತೂತು ಕೊರೆದು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡಿದ್ದ. ನಾನು ಬುಟ್ಟಿ ಎತ್ತಿಕೊಂಡು ಹಲಸಿನ ಮರದ ಬುಡಕ್ಕೆ ಹೋಗಿ ಒಂದೊಂದೇ ಒಡೆದೆ. ನಾಲ್ಕನೆಯದ್ದು ಪಟಾಕಿಯ ಹಾಗೆ ಸಿಡಿಯಿತು. ವಾಸನೆಗೆ ಮುಖ್ಯೋಪಾಧ್ಯಾಯರು ಆಫೀಸಿನ ಕಿಟಕಿ ಹಾಕಿಕೊಂಡರು. ಅವರಿಗೆ ಮೊದಲಿನ ಅನುಭವ ಇತ್ತಲ್ಲ!

ಹದಿಮೂರು ಒಡೆದೆ. ನೋಡಿದರೆ ಬುಟ್ಟಿಯಲ್ಲಿ ಇನ್ನೂ ಒಂದು ಉಂಟು! ಹೆಸರಿಲ್ಲ. ಒಡೆದರೆ ವಾಸನೆಯೂ ಇಲ್ಲ, ನೀರೂ ಇಲ್ಲ. ಒಳಗೆ ಬೇಯಿಸಿದ ಮೊಟ್ಟೆ, ಒಣಗಿ ಗಟ್ಟಿಯಾಗಿದೆ.

“ಇದು ಯಾರದ್ದು?” ಎಂದೆ.

ಎರಡು ಜಡೆಯವಳು ಮೆಲ್ಲ ಮುಂದೆ ಬಂದಳು. “ಮಧ್ಯಾಹ್ನದ ಊಟಕ್ಕೆ ಕೊಟ್ಟದ್ದು ಅಜ್ಜಿ. ಗುಡುಗು ಬಂದ ಮರುದಿನ ಇಟ್ಟೆ. ಯಾರದ್ದಾದ್ರೂ ಹಾಳಾದ್ರೆ ಅವರಿಗೆ ಒಂದು ಇರಲಿ ಅಂತ.”

“ಬೇಯಿಸಿದ್ದು ಮರಿ ಆಗ್ತದಾ ಪೆದ್ದಿ?”

“ಬಿಸಿ ಇತ್ತಲ್ಲ ಅಜ್ಜಿ. ಬೇಗ ಆಗಬಹುದು ಅಂತ.”

ಕೋಳಿಗೆ ಬಾರದ ಲೆಕ್ಕವನ್ನು ಬೆಸ ಮಾಡಿದ್ದು ಈ ಪುಣ್ಯಾತ್ಗಿತ್ತಿ! ನನಗೆ ನಗು ತಡೆಯಲಿಲ್ಲ, ಮಕ್ಕಳೂ ನಕ್ಕರು. ತಂಗಿ ನಗಲಿಲ್ಲ. ಆ ಒಣಗಿದ ಮೊಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ನೋಡಿದಳು.

“ಗುಡುಗಿನಿಂದ ಅಲ್ಲವಾ ಟೀಚರ್ ಹಾಳಾದದ್ದು? ಮೊಳೆ ತೆಗೆದದ್ದಕ್ಕೆ?” ಎಂದ ಪೆಟ್ಟಿಗೆಯ ಹುಡುಗ.

“ಅಲ್ಲ ಮಗ. ನಾನು ತೊಳೆದದ್ದು, ದಿನಾ ಮುಟ್ಟಿದ್ದು. ಅಜ್ಜಿ ಬೇಡ ಅಂತ ಹೇಳಿದ್ರು, ನಾನು ಕೇಳಲಿಲ್ಲ. ತಪ್ಪು ನನ್ನದು.” ಟೀಚರುಗಳು ಹೀಗೆ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. “ಇನ್ನೊಂದು ಉಂಟು. ಆ ಹುಂಡುಕೋಳಿಯ ಏಳು ಮೊಟ್ಟೆ. ಅದನ್ನು ತಿಂದದ್ದು ಮನೆಯವರಲ್ಲ. ನಾನು.”

ಆ ಆಟಿಯಲ್ಲಿ ಅವಳಿಗೆ ನಾಲ್ಕು ವರ್ಷ. ಜ್ವರ ಬಿಟ್ಟು ಎದ್ದು, ನಿಲ್ಲಲು ತ್ರಾಣ ಇರಲಿಲ್ಲ. ನಾನು ಕೋಳಿಮೊಟ್ಟೆ ಎಂದು ಹೇಳಿ, ಬೇಯಿಸಿ, ದಿನಕ್ಕೆ ಎರಡರಂತೆ ತಿನ್ನಿಸಿದ್ದೆ. ಇಷ್ಟು ವರ್ಷ ಆ ಮಾತನ್ನು ಯಾರಿಗೂ ಹೇಳಿರಲಿಲ್ಲ.

“ನಿನಗೆ ಹೇಗೆ ಗೊತ್ತು?” ಎಂದೆ, ಮಕ್ಕಳು ಇದ್ದಾರೆ ಎನ್ನುವುದೂ ಮರೆತು.

“ಸಿಪ್ಪೆಯಲ್ಲಿ ಕೆಂಪು ಚುಕ್ಕೆ ಇತ್ತು ಅಕ್ಕ. ಆ ಹಕ್ಕಿ ಮನೆಯ ಹಿಂದೆಯೇ ಕೂಗ್ತಿತ್ತು, ಮಲಗಿದಲ್ಲಿಗೆ ಕೇಳ್ತಿತ್ತು. ಮೂರನೆಯದ್ದು ತಿನ್ನುವಾಗ ಗೊತ್ತಾಯಿತು. ಆದರೂ ಏಳೂ ತಿಂದೆ. ಹಸಿವಿತ್ತು.”

ಆ ಏಳರ ನಂತರ ಅವಳು ಮೊಟ್ಟೆ ಬಾಯಿಗೆ ಹಾಕಿದ್ದನ್ನು ನಾನು ನೋಡಿಲ್ಲ. ವಾಸನೆಯಂತೆ ವಾಸನೆ! ನಾನು ಸಿಪ್ಪೆ ಹೆಕ್ಕಿ ಹೊಂಡಕ್ಕೆ ಹಾಕಿ ಮಣ್ಣು ಮುಚ್ಚಿದೆ.

ಒಂದೇ ಮರಿ, ಹದಿಮೂರು ಮಕ್ಕಳು. ಯಾರಿಗೆ ಎಂದು ಮಕ್ಕಳೇ ತೀರ್ಮಾನಿಸಿದರು, ಗಲಾಟೆ ಇಲ್ಲದೆ: ಊಟದ ಮೊಟ್ಟೆ ಬಿಟ್ಟವಳಿಗೆ. ರಟ್ಟಿನ ಪೆಟ್ಟಿಗೆಯನ್ನೂ ಆ ಹುಡುಗ ಅವಳಿಗೇ ಕೊಟ್ಟ. ಮರಿ ತಾಯಿಯನ್ನು ಬಿಡುವವರೆಗೆ ಎರಡೂ ಅವಳ ಮನೆಯಲ್ಲೇ ಇರಲಿ ಎಂದು ನಾನು ಕಪ್ಪು ಹೇಂಟೆಯನ್ನೂ ಕಳಿಸಿದೆ. ಹನ್ನೆರಡು ಮಕ್ಕಳು ಬರಿಗೈಯಲ್ಲಿ ಮನೆಗೆ ಹೋದರು.

ಮರುದಿನ ಬೆಳಿಗ್ಗೆ ನಾನು ಬೇಗ ಎದ್ದೆ. ನನ್ನ ಕೆಂಪು ಹೇಂಟೆ ಎರಡು ದಿನದಿಂದ ಕಾವಿಗೆ ಕೂರಲು ಹಟ ಹಿಡಿದಿತ್ತು. ಬುಟ್ಟಿಗೆ ಬೈಹುಲ್ಲು ಹಾಕಿ, ಇದ್ದಿಲು ಇಟ್ಟು, ಮೊಳೆ ಇಟ್ಟು, ಹನ್ನೆರಡು ಮೊಟ್ಟೆ ಜೋಡಿಸಿದೆ. ಹೆಸರು ಬೇಕಾದರೆ ಮಕ್ಕಳೇ ಬರೆದುಕೊಳ್ಳಲಿ. ಹೊರಡುವಾಗ ನೆನಪಾಯಿತು, ಹನ್ನೆರಡು ಬೆಸ ಅಲ್ಲ. ತಿರುಗಿ ಹೋಗಿ ಇನ್ನೊಂದು ತಂದೆ. ಮೊಮ್ಮಗಳ ಚೀಲದಿಂದ ಪೆನ್ಸಿಲು ತೆಗೆದು, ಒಡೆಯದ ಹಾಗೆ ಮೆಲ್ಲ ಹಿಡಿದು, ಅದರ ಮೇಲೆ ‘ತಂಗಿ’ ಎಂದು ಬರೆದೆ. ತೊಳೆಯಲಿಲ್ಲ. ಮೊದಲ ಬಸ್ಸು ಹತ್ತಿದೆ.